ಮೂರು ಭಾಷೆ ಆಡಿದರೆ ತಲೆಗೆ ಭಾರವಾ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಕೊಂಕಣಿ. ಈಚೆಗೆ ಜನರ ಹೆಸರು ಥಟ್ಟನೆ ಬಾಯಿಗೆ ಬರುವುದಿಲ್ಲ, ಮಾತಿನಲ್ಲಿ ಮೂರೂ ಭಾಷೆ ಬೆರೆಸುತ್ತಾರೆ. ಇನ್ನು ಒಂದೇ ಭಾಷೆ ಮಾತಾಡಿ ಅಂತ ಹೇಳಲಾ?
– ಪುತ್ತೂರಿನ ಓದುಗರು

ಉತ್ತರ: ದಯವಿಟ್ಟು ಹಾಗೆ ಹೇಳಬೇಡಿ. ಭಾಷೆ ಜಾಸ್ತಿ ಆದರೆ ತಲೆ ತುಂಬಿಹೋಗುತ್ತದೆ ಅನ್ನುವುದು ತಪ್ಪು ಲೆಕ್ಕ.

ಈಗ ನಮ್ಮ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದ್ದ 648 ಜನರ ದಾಖಲೆ ನೋಡಿದ್ದರು. 2013ರಲ್ಲಿ ಅದು ಪ್ರಕಟವಾಯಿತು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಶುರುವಾಗಿತ್ತು. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದು: ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು, ಹಾಗಾಗಿ ಸುಮ್ನೆ ಶಾಲೆಗೆ ಹೋದದ್ದರ ಫಲ ಅನ್ನೋಕಾಗಲ್ಲ. ಆದರೆ ಕಾಯಿಲೆ ಬರುವುದೇ ಇಲ್ಲ ಅಂತ ತಿಳಿಯಬೇಡಿ, ಆ 648 ಜನರಿಗೂ ಅದು ಬಂದಿತ್ತು. ಬೇರೆ ಕಡೆಯ ಕೆಲವು ಅಧ್ಯಯನಗಳಲ್ಲಿ ಇಂಥ ಫಲ ಸಿಕ್ಕಿಲ್ಲ.

ಯಾಕೆ ಹೀಗೆ? ಅಮ್ಮ ತುಳುವಿನಲ್ಲಿ 'ಇಲ್ಲ್' ಅನ್ನಲು ಹೊರಟಾಗ ಕನ್ನಡದ 'ಮನೆ', ಕೊಂಕಣಿಯ 'ಘರ' ಕೂಡ ಒಳಗೆ ಎದ್ದು ನಿಂತಿರುತ್ತವೆ. ಎದುರಿಗಿರುವವರು ಯಾರು ಅಂತ ನೋಡಿ, ಬೇಕಾದ್ದನ್ನು ಬಿಟ್ಟು ಉಳಿದೆರಡನ್ನು ತಡೆಯಬೇಕು. ದಿನಕ್ಕೆ ನೂರಾರು ಸಲ ಗಮನಕ್ಕೆ ಇದೇ ಕೆಲಸ, ಅಲ್ವಾ? ಈ ಅಭ್ಯಾಸದಿಂದ ಮಿದುಳಿಗೆ ತಾಳಿಕೊಳ್ಳುವ ಶಕ್ತಿ ಬರುತ್ತದೆ ಅನ್ನುವುದು ಈ ಸಂಶೋಧಕರ ವಿವರಣೆ.

ಹೆಸರು ಮರೆಯುವುದು ವಯಸ್ಸಾದಂತೆ ಎಲ್ಲರಿಗೂ ಆಗುತ್ತದೆ. ಒಬ್ಬರು ಟೈಲರ್ ಅನ್ನುವುದಕ್ಕೆ ಮಷಿನ್, ಬಟ್ಟೆ, ಅಂಗಡಿ ಎಲ್ಲ ಅಂಟಿಕೊಂಡಿರುತ್ತವೆ, ಅವರ ಹೆಸರಿಗೆ ಅಂಥ ನಂಟು ಇರುವುದಿಲ್ಲ. ಭಾಷೆ ಬೆರೆಸುವುದೂ ನಮ್ಮ ಕಡೆ ಸಹಜವೇ.

ಆದರೆ ತುಳು ಬಾರದವರ ಹತ್ತಿರ ತುಳುವಿನಲ್ಲೇ ಮಾತಾಡುತ್ತಾ ಹೋಗಿ, ಅವರಿಗೆ ಅರ್ಥವಾಗಿಲ್ಲ ಅನ್ನುವುದು ಅಮ್ಮನಿಗೆ ಗೊತ್ತೇ ಆಗದಿದ್ದರೆ, ಕೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳಿದರೆ, ಗೊತ್ತಿರುವ ದಾರಿ ತಪ್ಪಿದರೆ, ನರರೋಗ ತಜ್ಞರಿಗೆ ತೋರಿಸಿ. ಕಿವಿ, ಥೈರಾಯ್ಡ್, ವಿಟಮಿನ್ ಬಿ12 ಕೂಡ ಪರೀಕ್ಷೆ ಮಾಡಿಸಿ. ಇವುಗಳಿಂದಲೂ ಮರೆವು ಕಾಣಿಸಿಕೊಳ್ಳಬಹುದು, ಇವಕ್ಕೆ ಚಿಕಿತ್ಸೆ ಇದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಅವರು ಪದ ಸಿಗದೆ ತಡವರಿಸಿದಾಗ ತಕ್ಷಣ ನೀವೇ ಹೇಳಿಬಿಡಬೇಡಿ. ಯಾವ ಭಾಷೆಯಲ್ಲಿ ಬಂದರೂ ಬರಲಿ, ಸ್ವಲ್ಪ ಕಾಯಿರಿ.