ಒಳ್ಳೆ ಕಾಲ ಮುಗಿದು ಊರೇ ತಲೆಕೆಳಗಾಗುವ ಕಾದಂಬರಿ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಒಂದು ಊರಿಗೆ ಒಳ್ಳೆ ಕಾಲ ಬಂದು ಹೋದ ಮೇಲೆ ಅಲ್ಲಿನ ಜನರ ಬದುಕು ಏನಾಗುತ್ತದೆ ಅನ್ನೋದನ್ನು ಬರೆಯಬೇಕು, 1929ರಲ್ಲಿ ಷೇರು ಪೇಟೆ ಬಿದ್ದ ಅಮೆರಿಕದ ಬಗ್ಗೆ ಓದಿದ್ದೇನೆ, ಅಂಥ ಕಥೆಯನ್ನು ಕನ್ನಡದ ನೆಲದಲ್ಲಿ ಎಲ್ಲಿ ಇಡಲಿ ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ಇಡಿ. 2015ರಿಂದ 2017ರವರೆಗಿನ ತೊಗರಿಯ ಕಥೆ ಬರೆಯಿರಿ. ಆಗ ನಾನು ಇಲ್ಲಿನ ಗಂಜಿನಲ್ಲಿ, ಅಂದರೆ ಕಾಳುಕಡಿ ಮಾರುವ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದೆ. ಯಾರು ಎಷ್ಟು ತಂದರು, ಎಷ್ಟು ಉದ್ರಿ ಒಯ್ದರು ಎಲ್ಲಾ ನನ್ನ ಕೈಯಿಂದಲೇ ಹೋಗುತ್ತಿತ್ತು.

ಷೇರು ಪೇಟೆ ಬಿದ್ದ ದಿನದಿಂದ ಶುರು ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಮೆರಿಕದ ರೈತರ ಕಷ್ಟ ಅದಕ್ಕಿಂತ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿ ಬುಷೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, 2 ಡಾಲರ್ ದಾಟಿತ್ತು. ಆ ರೇಟನ್ನು ನಂಬಿ ಜನ ಸಾಲ ಮಾಡಿ ಜಮೀನು ಕೊಂಡರು, ಟ್ರ್ಯಾಕ್ಟರ್ ಕೊಂಡರು. 1932ರ ಹೊತ್ತಿಗೆ ಅದೇ ಗೋಧಿ 40 ಸೆಂಟ್ ಆಸುಪಾಸಿಗೆ ಬಂತು. ರೇಟು ಇಳಿಯಿತು, ಸಾಲದ ಪತ್ರದಲ್ಲಿ ಬರೆದ ಅಂಕಿ ಇಳಿಯಲಿಲ್ಲ. ನನ್ನ ಪ್ರಕಾರ ನಿಮ್ಮ ಇಡೀ ಕಾದಂಬರಿ ಇಷ್ಟರಲ್ಲೇ ಇದೆ.

ನಮ್ಮಲ್ಲೂ ಆಗಿದ್ದು ಹೀಗೇ. 2015ರ ಅಕ್ಟೋಬರ್ ಸುಮಾರಿಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಗಂಜಿನಲ್ಲಿ ತೊಗರಿ ಕ್ವಿಂಟಲ್‌ಗೆ 10,000 ದಾಟಿತು. ಆದರೆ ಆ ವರ್ಷ ಬರ. ಬಹಳ ರೈತರ ಮನೆಯಲ್ಲಿ ಮಾರಲು ಕಾಳೇ ಇರಲಿಲ್ಲ. ಹಳೆ ಮಾಲು ಇಟ್ಟುಕೊಂಡವರಿಗೆ ಲಾಭ ಆಯಿತು. ಉಳಿದವರಿಗೆ ಸಿಕ್ಕಿದ್ದು ರೇಟಿನ ಸುದ್ದಿ ಮಾತ್ರ. ಇದನ್ನು ದಯವಿಟ್ಟು ಮರೆಯಬೇಡಿ. ಎಲ್ಲರೂ ದುಡ್ಡು ಮಾಡಿದರು, ಆಮೇಲೆ ಎಲ್ಲರೂ ಕಳೆದುಕೊಂಡರು ಅಂತ ಬರೆದರೆ ಅದು ಸುಳ್ಳಾಗುತ್ತದೆ.

2016ರ ಮುಂಗಾರು ಚೆನ್ನಾಗಿ ಬಂತು. ಕಂಡಕಂಡಲ್ಲಿ ತೊಗರಿ ಬಿತ್ತಿದರು. ಜೂನ್‌-ಜುಲೈನಲ್ಲಿ ಬಿತ್ತಿದರೆ ರಾಶಿ ಆಗೋದು ಡಿಸೆಂಬರ್-ಜನವರಿಗೆ. ನಡುವೆ ಮನಸ್ಸು ಬದಲಿಸಲು ದಾರಿಯೇ ಇಲ್ಲ. ದೇಶದ ಒಟ್ಟು ತೊಗರಿ ಉತ್ಪಾದನೆ ಒಂದೇ ವರ್ಷದಲ್ಲಿ 25 ಲಕ್ಷ ಟನ್ ಸುಮಾರಿನಿಂದ 48 ಲಕ್ಷ ಟನ್ ಆಸುಪಾಸಿಗೆ ಏರಿತು. ಬೇಳೆ ಸಾಲದು ಅಂತ 2016ರ ಜುಲೈನಲ್ಲೇ ಕೇಂದ್ರ ಸರ್ಕಾರ ಮೊಜಾಂಬಿಕ್‌ನಿಂದ ತರಿಸುವ ಒಪ್ಪಂದ ಮಾಡಿಕೊಂಡಿತ್ತು. ವ್ಯಾಪಾರಿಗಳು ಇಷ್ಟೇ ಮಾಲು ಇಟ್ಟುಕೊಳ್ಳಬೇಕು ಅನ್ನೋ ಮಿತಿಯೂ ಹಾಗೇ ಇತ್ತು. ನವೆಂಬರ್ 8ಕ್ಕೆ ನೋಟು ರದ್ದಾಯಿತು. ಡಿಸೆಂಬರ್ ಕೊನೆಗೆ ಎಳ್ಳ ಅಮಾವಾಸ್ಯೆ. ಜನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆಯ ಎಡೆ, ಅಂದರೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದರು. ಹೊಲದಲ್ಲಿ ಅಂಥ ಬೆಳೆ ನಿಂತಿತ್ತು. ರಾಶಿ ಮಾಡಿ ಗಂಜಿಗೆ ತಂದಾಗ ರೇಟು ಬೆಂಬಲ ಬೆಲೆಗಿಂತ ಕೆಳಗಿತ್ತು.

ಬೆಂಬಲ ಬೆಲೆ 5,050. ಮೇಲೆ ರಾಜ್ಯ ಸರ್ಕಾರ 450 ಸೇರಿಸಿತು. ಒಟ್ಟು 5,500. ಖರೀದಿ ಕೇಂದ್ರದಲ್ಲಿ ಮಾರಿದವರಿಗೆ ಆ ಬೆಲೆ. ಅಲ್ಲಿ ಮಾರಬೇಕಾದರೆ ಜಮೀನಿನ ದಾಖಲೆ, ಪಹಣಿ ಬೇಕು. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡಿದವನ ಹೆಸರಲ್ಲಿ ಪಹಣಿ ಎಲ್ಲಿಂದ ಬರಬೇಕು? ಅವನು ಅಂಗಡಿಗೆ ತರುತ್ತಿದ್ದ, ಸಿಕ್ಕ ರೇಟಿಗೆ ಕೊಟ್ಟು ಹೋಗುತ್ತಿದ್ದ. ಒಂದೇ ಬದುವಿನ ಆಚೆ ಈಚೆ ಬೆಳೆದ ಒಂದೇ ತೊಗರಿಗೆ ಎರಡು ಬೆಲೆ. ಅದರ ಮೇಲೆ, ಅವನು ಲಾವಣಿ ಮಾತಾಡಿದ್ದು ರೇಟು ಮೇಲಿದ್ದಾಗ. ಜಮೀನಿನವನು ಕೆಟ್ಟವನೇನಲ್ಲ. ಅವನೂ ಆ ದುಡ್ಡು ನಂಬಿ ಮಗಳ ಮದುವೆಗೆ ದಿನ ಗೊತ್ತು ಮಾಡಿರುತ್ತಾನೆ. ‘ಕರಾರು ಆಗ್ಯಾದಲ್ಲೋ ತಮ್ಮಾ, ನಾ ಏನ್ ಮಾಡ್ಲಿ’ ಅಂತಾನೆ. ಈ ಇಬ್ಬರನ್ನು ನಿಮ್ಮ ಕಾದಂಬರಿಯ ನಡುವೆ ಇಡಿ.

ದಲಾಲಿಯನ್ನು ಖಳ ಮಾಡುವ ಆಸೆ ಬರುತ್ತದೆ. ನಾನು ಆ ಅಂಗಡಿಯ ಅನ್ನ ಉಂಡವನು ಅಂತ ಹೀಗೆ ಹೇಳುತ್ತಿಲ್ಲ. ಕೆಲವರು ತೂಕದಲ್ಲಿ, ಬಡ್ಡಿಯಲ್ಲಿ ಹಿಂಡಿದ್ದು ನಿಜ, ಅದನ್ನೂ ಬರೆಯಿರಿ. ಆದರೆ ಬೆಲೆ ಬಿದ್ದದ್ದು ಅವರಿಂದಲ್ಲ. ಜಾನ್ ಸ್ಟೈನ್‌ಬೆಕ್ ಅವರ 1939ರ ‘ದಿ ಗ್ರೇಪ್ಸ್ ಆಫ್ ರಾತ್’ ಓದಿದ್ದರೆ ನೆನಪಿರಬಹುದು. ಮನೆ ಕೆಡವಲು ಟ್ರ್ಯಾಕ್ಟರ್ ತರುವವನು ಪರಿಚಯದವರ ಮಗ. ಅವನಿಗೆ ದಿನಕ್ಕೆ 3 ಡಾಲರ್ ಕೂಲಿ. ಅವನ ಮನೆಯಲ್ಲೂ ಹೊಟ್ಟೆಗಳಿವೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು ಅಂತ ರೈತನಿಗೆ ಗೊತ್ತಾಗಲ್ಲ. ನಮ್ಮ ಗಂಜಿನಲ್ಲೂ ಆ ಸಿಟ್ಟು ಹೀಗೇ ಕೈಯಿಂದ ಕೈಗೆ ಹೋಗುತ್ತಿತ್ತು. ಕೊನೆಗೆ ಹಮಾಲನ ಮೇಲೆ ಬೀಳುತ್ತಿತ್ತು, ಇಲ್ಲಾ ಮನೆಗೆ ಹೋಗಿ ಹೆಂಡತಿಯ ಮೇಲೆ.

ಹೆಂಗಸರ ಬಗ್ಗೆ ಜಾಸ್ತಿ ಬರೆಯಿರಿ. ಇಲ್ಲಿನ ದಾಲ್ ಮಿಲ್‌ಗಳಲ್ಲಿ ಕಾಳು ಹಸನು ಮಾಡುವವರು, ದಿನಗೂಲಿಗೆ ಬರುವವರು ಅವರೇ. ರೇಟು ಏರಿದಾಗ ಅವರ ಕೂಲಿ ಏರಲಿಲ್ಲ. ಕೆಲಸ ನಿಂತಾಗ ಮಾತ್ರ ಮೊದಲು ಮನೆಗೆ ಕಳಿಸಿದ್ದು ಅವರನ್ನೇ. ಆಮೇಲೆ ಹೈದರಾಬಾದಿಗೋ ಪುಣೆಗೋ ಮುಂಬೈಗೋ ಗುಳೆ. ಮಕ್ಕಳ ಶಾಲೆ ಅಲ್ಲಿಗೇ ಮುಗಿಯುತ್ತದೆ. ಈ ಭಾಗವನ್ನು ಒಂದು ಪುಟದಲ್ಲಿ ಮುಗಿಸುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಭಾಷೆಯ ಬಗ್ಗೆ ಹೆದರಬೇಡಿ. ನಿರೂಪಣೆ ನಿಮ್ಮ ಕನ್ನಡದಲ್ಲೇ ಇರಲಿ, ಮಾತು ಮಾತ್ರ ಇಲ್ಲಿಯದು ಇರಲಿ. ಅದಕ್ಕೆ ಬಂದು ಕೇಳಿಸಿಕೊಳ್ಳಬೇಕು. ಜನವರಿಯಲ್ಲಿ ಬನ್ನಿ, ಗಂಜಿಗೆ ಮಾಲಿನ ಆವಕ ಜೋರಿರುತ್ತದೆ. ದೊಡ್ಡ ವ್ಯಾಪಾರಿಗಳ ಹತ್ತಿರ ಆಮೇಲೆ ಹೋಗಿ. ಮೊದಲು ಚೀಲ ಇಳಿಸುವ ಹಮಾಲರ ಜೊತೆ ಚಹಾ ಕುಡಿಯಿರಿ, ಲಾವಣಿಗೆ ಹೊಲ ಮಾಡಿದವರನ್ನು ಹುಡುಕಿ. ಈ ವರ್ಷ ಎಕರೆಗೆ ಎಷ್ಟಕ್ಕೆ ಮಾತಾಡಿದ್ದೀರಿ, ಯಾವಾಗ ಮಾತಾಡಿದ್ದು ಅಂತ ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.