ಗುಡ್ಡೆಗೆ ಮೇಯಲು ಬಿಟ್ಟ ದನ ಜ್ವರವಿಲ್ಲದೆ ಕುಸಿದು, ಕಾಫಿ ಬಣ್ಣದ ಮೂತ್ರ ಮಾಡುವುದೇಕೆ?

ಮೊದಲು ಅನುಮಾನಿಸಬೇಕಾದದ್ದು ದೊಡ್ಡ ತಗಚೆ ಗಿಡವನ್ನು, ಅದರಲ್ಲೂ ಬೀಜವನ್ನು. ಅದರ ವಿಷ ಸ್ನಾಯುಕೋಶದೊಳಗೆ ಶಕ್ತಿ ತಯಾರಾಗುವ ಭಾಗವನ್ನೇ ಕೆಡಿಸುತ್ತದೆ. ಸ್ನಾಯು ಸತ್ತಾಗ ಅದರ ಕೆಂಪು ಬಣ್ಣದ ವಸ್ತು ರಕ್ತಕ್ಕೆ ಸೋರಿ ಮೂತ್ರ ಕಪ್ಪಾಗುತ್ತದೆ. ದನ ಎಚ್ಚರವಾಗಿಯೇ ಇರುತ್ತದೆ, ಮೇವೂ ತಿನ್ನಬಹುದು. ಏಳಲು ಮಾತ್ರ ಕಾಲಲ್ಲಿ ಬಲವಿಲ್ಲ. ಉಣ್ಣಿ ಜ್ವರದಲ್ಲೂ ಮೂತ್ರ ಹೀಗಾಗುತ್ತದೆ, ಆದರೆ ಅಲ್ಲಿ ಮೈ ಕಾಯುತ್ತದೆ.

ಕಾಸರಗೋಡಿನವರು ದೊಡ್ಡ ತಗಚೆಯನ್ನು ಪಲ್ಯಕ್ಕೆ ಕೊಯ್ಯುವ ತಜಂಕಿನೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ತಜಂಕಿನ ಎಲೆ ಸಾಮಾನ್ಯವಾಗಿ ಮೂರು ಜೋಡಿ, ತುದಿ ದುಂಡು. ದೊಡ್ಡ ತಗಚೆಯದು ನಾಲ್ಕರಿಂದ ಆರು ಜೋಡಿ, ತುದಿ ಚೂಪು. ಅದರ ಕೋಡು (ಬೀಜವಿರುವ ಕಾಯಿ) ಚಪ್ಪಟೆ, ಸುಮಾರು 10 ಸೆಂ.ಮೀ. ಉದ್ದ.

ಹಸಿ ಗಿಡವನ್ನು ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮಳೆ ಮುಗಿದು ಹುಲ್ಲು ಕಡಿಮೆಯಾದಾಗ, ಅಥವಾ ಒಣಹುಲ್ಲಿನ ಜೊತೆ ಕೋಡು ಸೇರಿದಾಗಲೇ ಅಪಾಯ. ಒಣಗಿದರೆ ವಿಷ ಹೋಗುವುದಿಲ್ಲ.

ಪ್ರತಿಮದ್ದಿಲ್ಲ. ಆ ಮೇವು ನಿಲ್ಲಿಸಿ, ಪಶುವೈದ್ಯರನ್ನು ಕರೆಸಿ. ಅಲ್ಲಿಯವರೆಗೆ ದಪ್ಪ ಹುಲ್ಲು ಹಾಸಿ, ಧಾರಾಳ ನೀರಿಟ್ಟು, ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಿ. ಎಬ್ಬಿಸಿ ನಡೆಸಬೇಡಿ, ಸ್ನಾಯು ಇನ್ನಷ್ಟು ಕೆಡುತ್ತದೆ. ಗಿಡವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ.