ತೋಟದ ಪತ್ರ ಕೊಟ್ಟು ಸಿನಿಮಾ ಮುಗಿಸಬಹುದೇ?

ಪ್ರಶ್ನೆ: ಊರಿನವರನ್ನೇ ಪಾತ್ರಧಾರಿಗಳನ್ನಾಗಿಸಿಕೊಂಡು ಮೂಡಿಗೆರೆಯ ಸುತ್ತಮುತ್ತ ಒಂದು ಕನ್ನಡ ಚಿತ್ರ ಮಾಡಿದ್ದೇನೆ. ನನ್ನ ಉಳಿತಾಯವೂ ಸ್ನೇಹಿತರ ಕೈಸಾಲವೂ ಚಿತ್ರೀಕರಣಕ್ಕೇ ಮುಗಿದವು. ಡಬ್ಬಿಂಗ್, ಶಬ್ದಮಿಶ್ರಣ ಮತ್ತು ಬಿಡುಗಡೆಗೆ ಇನ್ನೂ ಎಂಟು ಲಕ್ಷ ರೂಪಾಯಿ ಬೇಕು. ಫೈನಾನ್ಷಿಯರ್ ಒಬ್ಬರು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೊಡಲು ಸಿದ್ಧರಿದ್ದು, ತಂದೆಯವರ ಕಾಫಿ ತೋಟದ ಪತ್ರವನ್ನೂ ಚಿತ್ರದ ಎಲ್ಲ ಹಕ್ಕುಗಳನ್ನೂ ಕೇಳುತ್ತಿದ್ದಾರೆ. ಸರ್ಕಾರದ ಸಹಾಯಧನ ಬಂದಾಗ ಸಾಲ ತೀರಿಸಬಹುದಲ್ಲವೇ?
– ಹೆಸರು ಬೇಡ, ಮೂಡಿಗೆರೆ

ಉತ್ತರ: ತೋಟದ ಪತ್ರ ಕೊಡಬೇಡಿ. ಎಂಟು ಲಕ್ಷಕ್ಕೆ ಆ ದರದಲ್ಲಿ ತಿಂಗಳಿಗೆ 24,000, ವರ್ಷಕ್ಕೆ 2,88,000 ರೂಪಾಯಿ ಬರೀ ಬಡ್ಡಿಯೇ ಆಗುತ್ತದೆ. ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ದುಡ್ಡು ಕಾಣುವ ಕಾಫಿ ಬೆಳೆಗಾರರ ಮನೆಗೆ ತಿಂಗಳ ಬಡ್ಡಿಯೆಂದರೆ ಏನೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಹಾಯಧನವಾದರೋ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಕ್ಕೆ, ಅದೂ ಆಯ್ಕೆ ಸಮಿತಿ ನೋಡಿ ಒಪ್ಪಿದ ಮೇಲೆ ಸಿಗುವಂಥದ್ದು. ಬಂದರೆ ಸಂತೋಷ, ಅದನ್ನು ನಂಬಿ ಸಾಲದ ವಾಯಿದೆ ಒಪ್ಪಿಕೊಳ್ಳಲಾಗದು.

ಮೊದಲು ಆ ಎಂಟು ಲಕ್ಷವನ್ನು ಒಡೆದು ನೋಡಿ. ಫಸ್ಟ್ ಕಾಪಿ, ಅಂದರೆ ಪ್ರದರ್ಶನಕ್ಕೆ ಸಿದ್ಧವಾದ ಪೂರ್ಣ ಪ್ರತಿ, ತೆಗೆಯುವ ಖರ್ಚು ಬೇರೆ, ಚಿತ್ರಮಂದಿರದ ಬಾಡಿಗೆ, ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರುಗಳ ಖರ್ಚು ಬೇರೆ. ಶುಕ್ರವಾರ ತೆರೆಕಂಡು ಸೋಮವಾರಕ್ಕೆ ಪ್ರದರ್ಶನ ಕಳೆದುಕೊಳ್ಳುವ ಸಣ್ಣ ಚಿತ್ರಗಳ ಗತಿ ನೋಡಿದರೆ, ಬಿಡುಗಡೆಗೆಂದು ಈಗಲೇ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗೋವಾದಲ್ಲಿ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) 2007ರಿಂದ ನಡೆಸುತ್ತ ಬಂದಿರುವ ಫಿಲ್ಮ್ ಬಜಾರ್ ಎಂಬ ಚಿತ್ರ ಮಾರುಕಟ್ಟೆಯಲ್ಲಿ, ಸಂಕಲನದ ಹಂತದಲ್ಲಿರುವ ಚಿತ್ರಗಳಿಗೂ ಒಂದು ವಿಭಾಗವಿದೆ, ಅಲ್ಲಿಗೆ ಕಳುಹಿಸಿ. ಫಸ್ಟ್ ಕಾಪಿ ಸಿದ್ಧವಾದ ಮೇಲೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಕನ್ನಡ ಸ್ಪರ್ಧಾ ವಿಭಾಗಕ್ಕೂ ಪ್ರಯತ್ನಿಸಬಹುದು.

2013ರಲ್ಲಿ ತೆರೆಕಂಡ 'ಲೂಸಿಯಾ'ದಂತೆ ಜನರಿಂದಲೇ ಹಣ ಕೂಡಿಸುವ ದಾರಿಯೂ ಇದೆ. ಆದರೆ ಇಂತಿಷ್ಟು ಬಡ್ಡಿ ಕೊಡುತ್ತೇನೆಂದು ಸಾರ್ವಜನಿಕರಿಂದ ಠೇವಣಿ ಎತ್ತಿದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ತೊಡಕಿಗೆ ಸಿಲುಕಬಹುದು. ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಇನ್ನು ಹಕ್ಕುಗಳ ಮಾತು, ನನ್ನ ಲೆಕ್ಕದಲ್ಲಿ ತೋಟದಷ್ಟೇ ದೊಡ್ಡದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತವೆಂದು ಭಾವಿಸಲಾಗುತ್ತದೆ. ಆದ್ದರಿಂದಲೇ ಕರಾರುಗಳಲ್ಲಿ 'ಶಾಶ್ವತವಾಗಿ, ಪ್ರಪಂಚದಾದ್ಯಂತ' ಎಂಬ ಪದಗಳನ್ನು ಮರೆಯದೆ ಸೇರಿಸಿರುತ್ತಾರೆ. ಅವನ್ನು ಹೊಡೆದುಹಾಕಿಸಿ, ಸ್ಯಾಟಲೈಟ್ (ಟಿವಿ ಪ್ರಸಾರ), ಡಿಜಿಟಲ್, ಡಬ್ಬಿಂಗ್, ರಿಮೇಕ್ ಹಕ್ಕುಗಳನ್ನು ಬೇರೆ ಬೇರೆಯಾಗಿ ನಿಮ್ಮ ಹೆಸರಿನಲ್ಲೇ ಉಳಿಸಿಕೊಳ್ಳಿ. ನಟಿಸಿದ ಊರಿನವರಿಂದ ಒಪ್ಪಿಗೆ ಪತ್ರಕ್ಕೆ ಈಗಲೇ ಸಹಿ ಪಡೆಯಿರಿ. ನಾಳೆ ಒಟಿಟಿ ಸಂಸ್ಥೆಯವರು ಚಿತ್ರ ಕೊಳ್ಳಲು ಬಂದರೆ ಆ ಕಾಗದಗಳನ್ನೂ ಕೇಳುತ್ತಾರೆ.